ಇಂಗ್ಲಿಷ್ ಪಿಎಚ್‌ಡಿಗೆ ಬೇಗ ಮುಗಿಯುವ ವಿಷಯ ಯಾವುದು?

ಕೋರ್ಸ್ ವರ್ಕ್ ಮುಗಿದಾಗ ನಾನೂ ಕಲಬುರಗಿಯಲ್ಲಿ ಸೀನಿಯರ್‌ಗಳ ಬೆನ್ನು ಹತ್ತಿ ಇದನ್ನೇ ಕೇಳಿದ್ದೆ. ಅವರು ಒಬ್ಬ ಅಮೆರಿಕನ್ ಲೇಖಕಿಯ ಹೆಸರು ಹೇಳಿದರು. ಪಿಎಚ್‌ಡಿ ಪ್ರಬಂಧಗಳನ್ನು ಇಡುವ ಶೋಧಗಂಗಾ ವೆಬ್‌ಸೈಟಿನಲ್ಲಿ ನೋಡಿದರೆ ಆಕೆಯ ಮೇಲೆ ಥೀಸಿಸ್‌ಗಳ ಸಾಲೇ ಇತ್ತು. ಇನ್ನೊಂದು ಸೇರಿಸಲು ಮನಸ್ಸು ಬರಲಿಲ್ಲ.

ನಮ್ಮೂರು ಸುರಪುರ. ಟೇಲರ್ ಮಂಜಿಲ್ ನೋಡುತ್ತಲೇ ಬೆಳೆದವನು ನಾನು. ಆ ಬಂಗಲೆಯಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡಿದ್ದ, ಇಂಗ್ಲಿಷಿನಲ್ಲಿ ಕಾದಂಬರಿ ಬರೆದಿದ್ದ ಅಂತ ಗೊತ್ತಾಗಿದ್ದು ಎಂ.ಎ.ಗೆ ಬಂದ ಮೇಲೆ. ಅವನನ್ನೇ ಆರಿಸಿಕೊಂಡೆ. ಗೈಡ್ ಖುಷಿಯಿಂದ ಒಪ್ಪಿದರು.

ತಪ್ಪು ಮಾಡಿದ್ದು ನೋಟ್ಸ್‌ನಲ್ಲಿ. ಟೇಲರನ ಕಾದಂಬರಿ 'ಕನ್ಫೆಷನ್ಸ್ ಆಫ್ ಎ ಥಗ್' 1839ರಲ್ಲಿ ಮೂರು ಸಂಪುಟಗಳಾಗಿ ಬಂತು. ಆಮೇಲೆ ಒಂದೇ ಪುಸ್ತಕವಾಗಿಯೂ ಅಚ್ಚಾಯಿತು. ನಾನು ಲೈಬ್ರರಿಯ ಪ್ರತಿಯಲ್ಲಿ ಸ್ವಲ್ಪ, ಮೊಬೈಲಿನ ಪಿಡಿಎಫ್‌ನಲ್ಲಿ ಸ್ವಲ್ಪ ಓದಿದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು 'ಟೇಲರ್, ಪು. 87' ಅಂತ, ಅಷ್ಟೇ. ಯಾವ ಮುದ್ರಣ? ಯಾವ ಸಂಪುಟ? ಪ್ರತಿ ಸಂಪುಟಕ್ಕೂ ಪುಟಸಂಖ್ಯೆ ಒಂದರಿಂದಲೇ ಶುರು. ಅಂದರೆ ಮೊದಲ ಮುದ್ರಣದಲ್ಲೇ ಮೂರು 87ನೇ ಪುಟಗಳಿವೆ! ಇನ್ನೂ ಕೆಟ್ಟದ್ದು, ಉದ್ಧರಣ ಚಿಹ್ನೆ ಹಾಕಿರಲಿಲ್ಲ. ನಾಲ್ಕು ವರ್ಷದ ಮೇಲೆ ಓದಿದರೆ ಯಾವ ವಾಕ್ಯ ನನ್ನದು, ಯಾವುದು ಟೇಲರನದು ಅಂತ ನನಗೇ ತಿಳಿಯಲಿಲ್ಲ. ಆ ಸ್ಥಿತಿಯಲ್ಲಿ ಥೀಸಿಸ್ ಕೊಟ್ಟರೆ ಕೃತಿಚೌರ್ಯ ಅಂತಲೇ ಆಗುತ್ತಿತ್ತು. ಒಂದೊಂದೇ ಸಾಲು ಹಿಡಿದು ಮತ್ತೆ ಹುಡುಕಿದೆ. ಎಂಟು ತಿಂಗಳು ಹೋಯಿತು. ಅಷ್ಟರಲ್ಲಿ ಫೆಲೋಶಿಪ್ ನಿಂತಿತ್ತು. ಮನೆಯ ಖರ್ಚೆಲ್ಲ ಅಣ್ಣನೇ ನೋಡಿಕೊಂಡ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬೇಗ ಮುಗಿಯುವ ವಿಷಯ ಅಂತ ಇಲ್ಲ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ನಿಯಮದಂತೆ ಹೇಗೂ ಕನಿಷ್ಠ ಮೂರು ವರ್ಷ ಬೇಕು. ಅಷ್ಟು ದಿನ ಜೊತೆಗಿರುವ ವಿಷಯ ನೀವು ಬಸ್ ಹತ್ತಿ ಹೋಗಿ ನೋಡಬಹುದಾದದ್ದಾಗಿರಲಿ. 1877ರಲ್ಲಿ ಅಚ್ಚಾದ ಆತ್ಮಕಥೆಯಲ್ಲಿ ಟೇಲರ್, ಮುಂದೆ ಬ್ರಿಟಿಷರ ವಿರುದ್ಧ ಎದ್ದು ರಾಜ್ಯ ಕಳೆದುಕೊಂಡ ಸುರಪುರದ ರಾಜಾ ವೆಂಕಟಪ್ಪ ನಾಯಕ ತನ್ನನ್ನು 'ಅಪ್ಪಾ' ಅನ್ನುತ್ತಿದ್ದ ಅಂತ ಬರೆದಿದ್ದಾನೆ. ಆ ಪುಟವನ್ನು ಕನ್ನಡದಲ್ಲಿ ಹೇಳಿ ನಮ್ಮ ತಾತನಿಗೆ ಕೇಳಿಸಿದೆ. ತುಂಬಾ ಹೊತ್ತು ಸುಮ್ಮನಿದ್ದು, "ರಾಜ್ಯ ಹೋದದ್ದನ್ನೂ ಅವನೇ ಬರೆದನಾ?" ಅಂತ ಕೇಳಿದರು. ನನ್ನ ಮೂರನೇ ಅಧ್ಯಾಯ ಹುಟ್ಟಿದ್ದು ಆ ಒಂದು ಮಾತಿನಿಂದ. ಅಮೆರಿಕನ್ ಲೇಖಕಿ ತಗೊಂಡಿದ್ದರೆ ತಾತನನ್ನು ಏನು ಕೇಳುತ್ತಿದ್ದೆ, ಹೇಳಿ?

ವಿಷಯ ಯಾವುದೇ ಇರಲಿ, ಇವತ್ತೇ ಎರಡು ಬಣ್ಣದ ಪೆನ್ ತಗೊಳ್ಳಿ. ಲೇಖಕರ ಮಾತು ಕೆಂಪಿನಲ್ಲಿ, ನಿಮ್ಮದು ನೀಲಿಯಲ್ಲಿ. ಪಕ್ಕದಲ್ಲೇ ಪ್ರಕಾಶಕರು, ವರ್ಷ, ಸಂಪುಟ, ಪುಟ.