ಬ್ರೈಡಲ್ ಶವರ್‌ಗೆ ಸಹಿಗಳ ಮಣೆ: ಅಮೆರಿಕಕ್ಕೆ ಹೊಸದಾಗಿ ಬಂದವರ ಪ್ರಶ್ನೆಗೆ ಉತ್ತರ

ನಮಸ್ಕಾರ. ಅಮೆರಿಕಕ್ಕೆ ಬಂದು ಕೆಲವೇ ತಿಂಗಳಾಗಿರುವ ನಿಮಗೆ ಸಹೋದ್ಯೋಗಿಯ ಬ್ರೈಡಲ್ ಶವರ್‌ಗೆ, ಎಂದರೆ ಮದುವೆಗೆ ಮುಂಚೆ ವಧುವಿಗೆ ಉಡುಗೊರೆ ಕೊಡುವ ಕೂಟಕ್ಕೆ, ಕರೆ ಬಂದಿದೆ, ರಿಜಿಸ್ಟ್ರಿಯಲ್ಲಿ (ಬೇಕಾದ ಉಡುಗೊರೆಗಳೆಂದು ವಧೂವರರು ಅಂಗಡಿಯಲ್ಲಿ ಕೊಟ್ಟಿರುವ ಪಟ್ಟಿಯಲ್ಲಿ) ಉಳಿದಿರುವುದೆಲ್ಲ ದುಬಾರಿ ಸಾಮಾನು, ಅಲ್ಪಸ್ವಲ್ಪ ಮರಗೆಲಸ ಗೊತ್ತಿರುವುದರಿಂದ ಬಂದವರೆಲ್ಲರ ಸಹಿ ಇರುವ ಒಂದು ಕಟಿಂಗ್ ಬೋರ್ಡ್ ಮಾಡಿಕೊಟ್ಟರೆ ಅದು ಕಡಿಮೆ ಉಡುಗೊರೆ ಎನಿಸೀತೇ, ಮಾಡುವುದಾದರೆ ಹೇಗೆ ಎಂದು ಕೇಳಿದ್ದೀರಿ. ಕಡಿಮೆ ಎನಿಸುವುದಿಲ್ಲ. ಆದರೆ ಈ ಕೆಲಸದಲ್ಲಿ ಮರಕ್ಕಿಂತ ಸಹಿಯೇ ಕಷ್ಟದ ಭಾಗ. ಹೆಚ್ಚಿನವರು ಬೋರ್ಡನ್ನು ಅಂದವಾಗಿ ಮಾಡಿ, ಸಹಿಯನ್ನು ಕೊನೆಯ ಗಳಿಗೆಗೆ ಬಿಟ್ಟು, ಕೈಗೆ ಸಿಕ್ಕಿದ ಪೆನ್ನಿನಿಂದ ಬರೆಸಿಬಿಡುತ್ತಾರೆ.

ಮೊದಲು ರಿವಾಜಿನ ವಿಷಯ. ಶವರ್ ಸಾಮಾನ್ಯವಾಗಿ ಮದುವೆಗೆ ಕೆಲವು ವಾರ ಅಥವಾ ಒಂದೆರಡು ತಿಂಗಳು ಮುಂಚೆ ನಡೆಯುತ್ತದೆ. ಹೊಸ ಸಂಸಾರಕ್ಕೆ, ಅದರಲ್ಲೂ ಅಡುಗೆಮನೆಗೆ, ಬೇಕಾದದ್ದನ್ನು ಒದಗಿಸುವುದು ಅದರ ಹಳೆಯ ಉದ್ದೇಶ. ವಧು ಎಲ್ಲರೆದುರು ಒಂದೊಂದೇ ಉಡುಗೊರೆಯನ್ನು ಬಿಚ್ಚುತ್ತಾಳೆ, ಪಕ್ಕದಲ್ಲಿ ಕುಳಿತ ಗೆಳತಿಯೊಬ್ಬಳು ಯಾರು ಏನು ಕೊಟ್ಟರೆಂದು ಬರೆದುಕೊಳ್ಳುತ್ತಾಳೆ. ನಮ್ಮ ಮದುವೆಮನೆಗಳ ಮುಯ್ಯಿ ಪುಸ್ತಕವೇ ಸರಿ, ವ್ಯತ್ಯಾಸವೆಂದರೆ ಇಲ್ಲಿ ಆ ಪಟ್ಟಿಯನ್ನು ನೋಡಿಕೊಂಡು ಪ್ರತಿಯೊಬ್ಬರಿಗೂ ಕೈಬರಹದ ಕೃತಜ್ಞತಾ ಪತ್ರ ಹೋಗುತ್ತದೆ. ರಿಜಿಸ್ಟ್ರಿ ಎಂಬುದು 1924ರಲ್ಲಿ ಶಿಕಾಗೋದ ಮಾರ್ಷಲ್ ಫೀಲ್ಡ್ಸ್ ಮಳಿಗೆಯಲ್ಲಿ ಆರಂಭವಾಯಿತೆನ್ನುವ ಅನುಕೂಲವೇ ಹೊರತು ಆಜ್ಞೆಯಲ್ಲ. ಆದರೂ ಮನಸ್ಸಿಗೆ ಸಮಾಧಾನ ಬೇಕೆಂದರೆ, ಪಟ್ಟಿಯಲ್ಲಿರುವ ಒಂದು ಸಣ್ಣ ವಸ್ತುವನ್ನು ಜೊತೆಗಿಡಿ.

ಮರಕ್ಕೆ ಹಾರ್ಡ್ ಮೇಪಲ್ ಆರಿಸಿಕೊಳ್ಳಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯಾದ ಎಫ್‌ಡಿಎ ಪ್ರಕಟಿಸುವ ಆಹಾರ ಸುರಕ್ಷತೆಯ ಮಾದರಿ ನಿಯಮಾವಳಿ, ಫುಡ್ ಕೋಡ್, ಕಟಿಂಗ್ ಬೋರ್ಡ್ ಮತ್ತು ಲಟ್ಟಣಿಗೆಯಂಥ ವಸ್ತುಗಳಿಗೆ ಹಾರ್ಡ್ ಮೇಪಲ್ ಅಥವಾ ಅಷ್ಟೇ ಗಟ್ಟಿಯಾದ, ಒತ್ತಾದ ಎಳೆಯ ಮರವನ್ನು ಒಪ್ಪುತ್ತದೆ. ನಿಮ್ಮ ಕೆಲಸಕ್ಕೆ ಅದು ಇನ್ನೊಂದು ರೀತಿಯಲ್ಲಿಯೂ ಒಳ್ಳೆಯದು: ಬಣ್ಣ ತಿಳಿಯಾಗಿರುವುದರಿಂದ ಅಕ್ಷರ ಎದ್ದು ಕಾಣುತ್ತದೆ. ವಾಲ್‌ನಟ್ ನೋಡಲು ಬಹಳ ಚೆಂದ, ಆದರೆ ಆ ಕಪ್ಪುಗಂದಿನ ಮೇಲೆ ಸಹಿ ಮುಳುಗಿಹೋಗುತ್ತದೆ. ಓಕ್ ಮರದ ರಂಧ್ರಗಳು ದೊಡ್ಡವು, ಶಾಯಿ ಅವುಗಳೊಳಗೆ ಹರಿಯುತ್ತದೆ. ಪೈನ್ ಅಗ್ಗ, ಆದರೆ ಮೆತುವಾದ ಪಟ್ಟಿಯೂ ಗಟ್ಟಿಯಾದ ಪಟ್ಟಿಯೂ ಒಂದರ ಪಕ್ಕ ಒಂದಿರುವುದರಿಂದ ಅದರ ಮೇಲೆ ಗೆರೆ ಸಮನಾಗಿ ಬರುವುದಿಲ್ಲ.

ಅಂಗಡಿಯಲ್ಲಿ ಒಂದು ವಿಷಯ ನೆನಪಿರಲಿ. ಇಲ್ಲಿ ಎಲ್ಲವೂ ಇಂಚಿನ ಲೆಕ್ಕ, ಅದೂ ಹೆಸರಿಗೆ ಮಾತ್ರ: ಒಂದು ಬೈ ಹನ್ನೆರಡು ಎಂದು ಮಾರುವ ಹಲಗೆಯ ದಪ್ಪ ನಿಜವಾಗಿ ಮುಕ್ಕಾಲು ಇಂಚು, ಅಗಲ ಹನ್ನೊಂದೂಕಾಲು ಇಂಚು. ಗಟ್ಟಿಮರವನ್ನೇ ಮಾರುವ ಕಡೆ ಬೋರ್ಡ್ ಫೂಟ್ ಲೆಕ್ಕದಲ್ಲಿ, ಎಂದರೆ 144 ಘನ ಇಂಚಿಗೆ ಇಷ್ಟೆಂದು, ಬೆಲೆ ಹೇಳುತ್ತಾರೆ. ಅಪಾರ್ಟ್‌ಮೆಂಟಿನಲ್ಲಿರುವ ನೀವು ಗರಗಸ, ಸ್ಯಾಂಡರ್‌ಗಳನ್ನು ಕೊಳ್ಳಲು ಹೋಗಬೇಡಿ. ಕೆಲವು ಊರುಗಳಲ್ಲಿ ಪುಸ್ತಕದಂತೆಯೇ ಉಪಕರಣಗಳನ್ನೂ ಎರವಲು ಕೊಡುತ್ತಾರೆ. ಕ್ಯಾಲಿಫೋರ್ನಿಯಾದ ಬರ್ಕ್‌ಲಿ ಸಾರ್ವಜನಿಕ ಗ್ರಂಥಾಲಯದಲ್ಲಿ ಈ ಪದ್ಧತಿ 1979ರಿಂದಲೂ ಇದೆ. ನಿಮ್ಮ ಊರಿನ ಗ್ರಂಥಾಲಯದಲ್ಲಿ ವಿಚಾರಿಸಿ ನೋಡಿ.

ಈಗ ಸಹಿ. ಮರದ ಎಳೆ ಶಾಯಿಯನ್ನು ಹೀರುತ್ತದೆ, ಎಳೆಯ ಉದ್ದಕ್ಕೂ ಅದನ್ನು ಒಯ್ಯುತ್ತದೆ. ಆದ್ದರಿಂದ ಮಾಮೂಲಿ ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆದ ಹೆಸರಿಗೆ ಕ್ಷಣಮಾತ್ರದಲ್ಲಿ ಎರಡೂ ಬದಿಗೆ ಮೀಸೆ ಮೂಡುತ್ತದೆ. ಆ ಶಾಯಿ ಮದ್ಯಸಾರದಲ್ಲಿ ಕರಗುವಂಥದ್ದು, ಮೇಲೆ ಮದ್ಯಸಾರದಲ್ಲಿ ಕಲಸಿದ ಅರಗಿನ ಲೇಪ ಹಚ್ಚಿದರೆ ಇನ್ನಷ್ಟು ಹರಡುತ್ತದೆ. ಅದಕ್ಕಿಂತ ಹೆಚ್ಚಾಗಿ, ತರಕಾರಿ ಹೆಚ್ಚುವ ಮೇಲ್ಮೈಯಲ್ಲಿ ಶಾಯಿ ಇರಲೇಬಾರದು. ನನ್ನ ಸಲಹೆ ಇಷ್ಟು: ಸಹಿಗಳನ್ನು ಪೆನ್ಸಿಲ್‌ನಲ್ಲಿ ಮಾಡಿಸಿ, ಆಮೇಲೆ ಬಿಸಿ ಮೊನೆಯ ವುಡ್‌ಬರ್ನಿಂಗ್ ಪೆನ್ನಿನಿಂದ ಆ ಗೆರೆಗಳ ಮೇಲೆಯೇ ಸುಟ್ಟು ಬರೆಯಿರಿ. ಸಹಿಗಳಿಗೆ ಒಂದು ಬದಿ, ಬಳಕೆಗೆ ಇನ್ನೊಂದು ಬದಿ.

ಸಹಿ ಹಾಕಿಸುವ ಮೊದಲೇ ಮೇಲ್ಮೈ ಸಿದ್ಧವಾಗಿರಬೇಕು. 120, 180, 220 ಎಂಬ ನಂಬರಿನ ಕ್ರಮದಲ್ಲಿ (ನಂಬರು ಹೆಚ್ಚಿದಷ್ಟೂ ಕಾಗದ ನಯ) ಸ್ಯಾಂಡ್‌ಪೇಪರ್ ಹಾಕಿ, ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ, ಎದ್ದುನಿಂತ ಎಳೆಗಳು ಒಣಗಿದ ಮೇಲೆ 220ರಲ್ಲಿ ಮತ್ತೊಮ್ಮೆ ಹಗುರವಾಗಿ ಉಜ್ಜಿ. ಇದನ್ನು ಬಿಟ್ಟರೆ ವಧು ಬೋರ್ಡನ್ನು ಮೊದಲ ಸಲ ತೊಳೆದಾಗಲೇ ಅದು ತರಿತರಿಯಾಗುತ್ತದೆ. ಪೆನ್ನನ್ನು ಒತ್ತಬೇಡಿ, ಒಂದೇ ವೇಗದಲ್ಲಿ ಎಳೆಯುತ್ತಾ ಹೋದರೆ ಗೆರೆ ಜೇನಿನ ಬಣ್ಣದಿಂದ ಗಾಢ ಕಂದಿಗೆ ತಿರುಗುತ್ತದೆ, ತಿರುವಿನಲ್ಲಿ ಅರೆಕ್ಷಣ ನಿಂತರೂ ಅಲ್ಲೊಂದು ಕಪ್ಪು ಚುಕ್ಕೆ ಬೀಳುತ್ತದೆ. ಉಳಿದ ತುಂಡಿನ ಮೇಲೆ ನಿಮ್ಮ ಹೆಸರನ್ನೇ ಬರೆದು ಕೈ ಪಳಗಿಸಿಕೊಳ್ಳಿ. ಕಿಟಕಿ ತೆರೆದಿರಲಿ, ಎಣ್ಣೆ ಅಥವಾ ವಾರ್ನಿಷ್ ಹಚ್ಚಿದ ಮರವನ್ನು ಎಂದೂ ಸುಡಬೇಡಿ, ಅದರ ಹೊಗೆ ಒಳ್ಳೆಯದಲ್ಲ.

ಕೊನೆಗೆ, ಉಳಿದ ಪೆನ್ಸಿಲ್ ಗುರುತುಗಳನ್ನು ಪೂರ್ತಿ ಅಳಿಸಿ, ಮಿನರಲ್ ಆಯಿಲ್ ಹಚ್ಚಿ. ಔಷಧದ ಅಂಗಡಿಯಲ್ಲಿ ಮಲಬದ್ಧತೆಗೆಂದು ಮಾರುವ ಶುದ್ಧ ಮಿನರಲ್ ಆಯಿಲ್ ಕೂಡ ಆಗುತ್ತದೆ. ಕೊಳ್ಳುವಾಗ ನಗು ಬಂದರೆ ತಡೆದುಕೊಳ್ಳಿ. ಅಡುಗೆ ಎಣ್ಣೆ ಕಮಟುತ್ತದೆ. ವಾಲ್‌ನಟ್ ಎಣ್ಣೆಯೂ ಬೇಡ, ನಟ್ ಅಲರ್ಜಿಯನ್ನು ಇಲ್ಲಿ ಬಹಳ ಗಂಭೀರವಾಗಿ ಪರಿಗಣಿಸುತ್ತಾರೆ.

ಸಹಿ ಹಾಕಿಸುವುದು ಯಾವಾಗ ಎಂಬುದು ಉಳಿಯಿತು. ಶವರ್‌ಗೆ ಮುಂಚೆ ಎಲ್ಲರನ್ನೂ ಹುಡುಕಿ ಬರೆಸುವುದು ಹೊಸಬರಿಗೆ ಆಗದ ಮಾತು. ಸಮಾರಂಭ ನಡೆಸುವವರಿಗೆ, ಸಾಮಾನ್ಯವಾಗಿ ಅದು ಮೇಡ್ ಆಫ್ ಆನರ್, ಎಂದರೆ ವಧುವಿನ ಮುಖ್ಯ ಗೆಳತಿ, ಮೊದಲೇ ಒಂದು ಇಮೇಲ್ ಬರೆದು ಬಾಗಿಲ ಬಳಿ ಸಣ್ಣ ಮೇಜೊಂದನ್ನು ಕೇಳಿಕೊಳ್ಳಿ. ಅಲ್ಲಿ ಬೋರ್ಡು, ಚೂಪಾದ ಎರಡು ಪೆನ್ಸಿಲ್, ಅಭ್ಯಾಸಕ್ಕೆ ಕಾಗದ ಇಡಿ. ಬ್ಯಾಂಕಿನ ಸಹಿಯಂತೆ ಗೀಚದೆ ಹೆಸರನ್ನು ಓದುವಂತೆ ಬರೆಯಲು ಒಂದು ಚೀಟಿಯಲ್ಲಿ ವಿನಂತಿಸಿ, ತೀರಾ ಸಣ್ಣ ಅಕ್ಷರವನ್ನು ಸುಡಲಾಗುವುದಿಲ್ಲ ಎಂಬುದನ್ನೂ ತಿಳಿಸಿ. ನಿಮ್ಮ ಹೆಸರನ್ನು ಕನ್ನಡದಲ್ಲಿಯೇ ಬರೆಯಿರಿ. ಸಂಕೋಚ ಬೇಡ, ವಧು ಮೊದಲು ಅದರ ಬಗ್ಗೆಯೇ ಕೇಳುತ್ತಾಳೆ. ಮಧ್ಯದಲ್ಲಿ ವಧೂವರರ ಹೆಸರು ಮತ್ತು ದಿನಾಂಕಕ್ಕೆ ಜಾಗ ಬಿಡಿ, ದಿನಾಂಕದಲ್ಲಿ ಇಲ್ಲಿನವರು ತಿಂಗಳನ್ನು ಮೊದಲು ಬರೆಯುತ್ತಾರೆಂಬುದನ್ನು ಮರೆಯಬೇಡಿ. ಆ ದಿನ ವಧುವಿನ ಕೈಗೆ ಕಾರ್ಡು ಮತ್ತು ರಿಜಿಸ್ಟ್ರಿಯ ಸಣ್ಣ ವಸ್ತು ಸಿಗಲಿ. ಬೋರ್ಡನ್ನು ನೀವು ಮನೆಗೆ ಒಯ್ದು, ಸುಟ್ಟು, ಎಣ್ಣೆ ಹಚ್ಚಿ, ಮದುವೆಗೆ ಒಂದು ವಾರ ಮುಂಚೆ ತಲುಪಿಸಿ. ಡಿಶ್‌ವಾಷರ್‌ಗೆ ಹಾಕಬಾರದು, ನೀರಿನಲ್ಲಿ ನೆನೆಹಾಕಬಾರದು, ಒಣಗಿದಂತೆ ಕಂಡಾಗ ಎಣ್ಣೆ ಹಚ್ಚಬೇಕು ಎಂದು ಬರೆದ ಚೀಟಿಯನ್ನೂ ಅದರ ಜೊತೆಗಿಡಿ.