20ರವರೆಗೆ ಹೇಳುತ್ತಾಳೆ, 5 ಬೀಜ ಕೊಡಲು ಬರಲ್ಲ: ಪ್ರತಿಕ್ರಿಯೆ

4 ವರ್ಷದ ಮಗಳು 20ರವರೆಗೆ ಒಪ್ಪಿಸುತ್ತಾಳೆ, ಆದರೆ 5 ಹುಣಸೆಬೀಜ ಕೇಳಿದರೆ ಬೊಗಸೆ ತುಂಬ ಕೊಡುತ್ತಾಳೆ, ಶಿಶುವಿಹಾರದಲ್ಲಿ ಬರೀ ಆಟ ಆಡಿಸ್ತಾರೆ ಎಂದು ಬರೆದಿದ್ದೀರಿ. ಗಾಬರಿ ಬೇಡ. ಬಾಯಿಪಾಠ ಬೇರೆ, ಎಣಿಕೆ ಬೇರೆ. ಒಂದು, ಎರಡು, ಮೂರು ಎಂದರೆ ಎಷ್ಟು ಎಂಬುದು ಮಕ್ಕಳಿಗೆ ಒಂದೊಂದಾಗಿ, ತಿಂಗಳುಗಟ್ಟಲೆ ಅಂತರದಲ್ಲಿ ತಿಳಿಯುತ್ತದೆ. ಅದಕ್ಕೆ ಆಟವೇ ಬೇಕು. ಈಗಲೇ ಅಂಕಿ ತಿದ್ದಿಸಿ ಪ್ರಯೋಜನವಿಲ್ಲ.

ಮನೆಯಲ್ಲಿ ಅಳಗುಳಿಮಣೆ ಇದ್ದರೆ ತೆಗೆಯಿರಿ, ಇಲ್ಲವಾದರೆ ಮೊಟ್ಟೆ ಟ್ರೇ ಆದೀತು. ಪೂರ್ತಿ ಆಟ ಬೇಡ; 3 ಗುಳಿ, 3 ಬೀಜ ಸಾಕು. ಗುಳಿಗೊಂದು ಬೀಜ ಹಾಕುತ್ತಾ ಅವಳೇ ಎಣಿಸಲಿ. ಆಮೇಲೆ "ಒಟ್ಟು ಎಷ್ಟಿದೆ?" ಎಂದು ಕೇಳಿ. ಉತ್ತರ ಹೇಳುವ ಬದಲು ಮತ್ತೆ ಒಂದರಿಂದ ಶುರುಮಾಡಿದರೆ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಂಬುದು ಬಹುಶಃ ಅವಳಿಗಿನ್ನೂ ಹೊಳೆದಿಲ್ಲ. ಆಗ ನೀವೇ "ಒಂದು, ಎರಡು, ಮೂರು... ಒಟ್ಟು ಮೂರು ಬೀಜ" ಎನ್ನುತ್ತಾ ಎಲ್ಲದರ ಸುತ್ತ ಬೆರಳಾಡಿಸಿ ತೋರಿಸಿ. ಮೂರು ಗಟ್ಟಿಯಾಗುವವರೆಗೆ ನಾಲ್ಕಕ್ಕೆ ಹೋಗಬೇಡಿ.

ಹೆಚ್ಚಿನ ಮಕ್ಕಳು ಎಡವುವುದು ಬಾಯಿ ಬೆರಳಿಗಿಂತ ಮುಂದೆ ಓಡುವುದರಿಂದ. ಎಣಿಸಿದ ಬೀಜವನ್ನು ಪಕ್ಕಕ್ಕೆ ಸರಿಸಲು ಹೇಳಿದರೆ ವೇಗ ತಾನಾಗಿ ತಗ್ಗುತ್ತದೆ. ಚದುರಿದ ರಾಶಿ ಕಷ್ಟ, ಸಾಲು ಸುಲಭ. ಬೇಸರ ಬಂತೋ, ಅಲ್ಲಿಗೇ ನಿಲ್ಲಿಸಿ.

ಬೀಜ ಮೂಗಿಗೋ ಗಂಟಲಿಗೋ ಹೋಗಬಹುದು, ದೊಡ್ಡವರು ಪಕ್ಕದಲ್ಲೇ ಇರಲೇಬೇಕು. 3 ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಆಟ ಮುಗಿದೊಡನೆ ಬೀಜಗಳನ್ನು ಎತ್ತಿಡಿ.

ಊಟದ ಹೊತ್ತಿಗೆ ತಟ್ಟೆ ಹಾಕುವ ಕೆಲಸ ಅವಳಿಗೇ ಬಿಡಿ: ತಲೆಗೊಂದು ತಟ್ಟೆ, ತಟ್ಟೆಗೊಂದು ಲೋಟ. ಶಿಶುವಿಹಾರದಲ್ಲೂ ಮಕ್ಕಳಿಂದಲೇ ಹಂಚಿಸುತ್ತಾರಾ ಎಂದು ಟೀಚರನ್ನು ಕೇಳಿ ನೋಡಿ.