ಯಾವ ಡಾಕ್ಟರ್ ಹೇಳ್ಯಾನ?

ಮೇಡಂ, ನಮಸ್ಕಾರ.

ಡಲ್ಲಾಸ್‌ನಿಂದ ನೀವು ಕಳಿಸಿದ ಲೇಖನ ಓದಿದೆ. ಅಮೆರಿಕದ ಶಾಲೆ, ಮಾಲ್, ಚರ್ಚುಗಳಲ್ಲಿ ನಡೆಯುವ ಗುಂಡಿನ ದಾಳಿಗಳು, ಅದಾದ ಮೇಲೆ ಜನ ಆಡುವ ಮಾತು, ಬಂದೂಕಿನ ಕಾನೂನು, ಇದು ನಿಮ್ಮ ವಿಷಯ. ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಅಲ್ಲಲ್ಲಿ ಕಾಗುಣಿತ ತಪ್ಪಿದೆ. ಅದನ್ನು ನಮ್ಮಲ್ಲಿ ಪ್ರೂಫ್ ನೋಡುವವರು ಸರಿ ಮಾಡುತ್ತಾರೆ.

ಎರಡನೇ ಪುಟದ ಪ್ರಸಂಗ ನನಗೆ ಹಿಡಿಸಿತು. ಎರಡನೇ ಕ್ಲಾಸಿನ ಮಗಳು ಶಾಲೆಯಲ್ಲಿ ಲಾಕ್‌ಡೌನ್ ಡ್ರಿಲ್ (ಬಂದೂಕು ಹಿಡಿದವನು ನುಗ್ಗಿದರೆ ಅವಿತು ಕೂರುವ ಅಭ್ಯಾಸ) ಮುಗಿಸಿ ಬಂದು, ತುಮಕೂರಿನಿಂದ ಬಂದಿರುವ ಅಜ್ಜಿಯ ಜೊತೆ ಅದನ್ನೇ ಆಟ ಆಡುತ್ತಾಳೆ. ಲೈಟ್ ಆರಿಸಿ, ಬಟ್ಟೆ ಇಡುವ ಕ್ಲೋಸೆಟ್ ಒಳಗೆ ಅಜ್ಜಿಯನ್ನು ಸೇರಿಸಿ ಬಾಗಿಲು ಹಾಕುತ್ತಾಳೆ. ಅಜ್ಜಿಗೆ ಮಂಡಿ ನೋವು, ನೆಲದ ಮೇಲೆ ಕೂರಲು ಆಗುವುದಿಲ್ಲ. "ಕೂರಕ್ಕಾಗದೇ ಇರೋರು ಏನ್ಮಾಡ್ಬೇಕು ಅಂತ ಟೀಚರ್ ಹೇಳೇ ಇಲ್ಲ" ಅಂತ ಮಗಳು ನಿಮ್ಮ ಹತ್ತಿರ ಓಡಿ ಬರುತ್ತಾಳೆ. ಇಷ್ಟನ್ನು ನಾಲ್ಕು ಸಾಲಿನಲ್ಲಿ ಮುಗಿಸಿ, "ಹೀಗಿದೆ ನೋಡಿ ಇಲ್ಲಿನ ಪರಿಸ್ಥಿತಿ" ಅಂತ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಆ ಕೊನೆಯ ಸಾಲು ಹೊಡೆದುಹಾಕಿ. ಹೊಗಳಿಕೆ ಇಲ್ಲಿಗೆ ಸಾಕು.

ನನಗೆ ಸಿಟ್ಟು ಬಂದದ್ದು ಐದನೇ ಪುಟದಲ್ಲಿ. ದಾಳಿ ಮಾಡಿದ ಒಬ್ಬನ ಬಗ್ಗೆ ನೀವು ಬರೆದ ಸಾಲುಗಳನ್ನು ಇಲ್ಲಿ ಹಾಗೇ ಇಳಿಸುತ್ತೇನೆ: "ಪತ್ರಿಕೆಯಲ್ಲಿ ಬಂದ ಫೋಟೋದಲ್ಲಿ ಆ ಯುವಕನ ಕಣ್ಣುಗಳಲ್ಲೇ ಮನೋರೋಗ ಎದ್ದು ಕಾಣುತ್ತಿತ್ತು. ಇಂಥ ಕೃತ್ಯ ಎಸಗುವವರು ಮನೋರೋಗಿಗಳಲ್ಲದೆ ಮತ್ತೇನು? ಇವರನ್ನು ಗುರುತಿಸಿ ಸಮಾಜದಿಂದ ದೂರವಿಡುವ ಕೆಲಸ ಮೊದಲು ಆಗಬೇಕು. ಬಂದೂಕು ಬರೀ ನೆಪ."

ಮೊದಲ ಸಾಲಿಗೆ ಜಾಸ್ತಿ ಹೇಳುವುದಿಲ್ಲ. ನನ್ನ ಆಧಾರ್ ಕಾರ್ಡಿನ ಫೋಟೋ ನೋಡಿದರೆ ನೀವು ನನ್ನನ್ನೂ ಒಳಗೆ ಹಾಕಿಸುತ್ತೀರಿ.

ಎರಡನೆಯದು ನೋಡಿ. ಅವನು ಯಾಕೆ ಕೊಂದ? ಮನೋರೋಗಿ ಆದ್ದರಿಂದ. ಮನೋರೋಗಿ ಅಂತ ಹೇಗೆ ಗೊತ್ತಾಯಿತು? ಕೊಂದನಲ್ಲ, ಅದಕ್ಕೇ. ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದಿರಿ. ಇದರಲ್ಲಿ ಇನ್ನೊಂದು ತಮಾಷೆ ಇದೆ. ಮೊದಲ ಪುಟದಲ್ಲಿ ನೀವು ಟೆಕ್ಸಸ್ ಗವರ್ನರ್ ಗ್ರೆಗ್ ಅಬಾಟ್ ಅವರನ್ನು ಚೆನ್ನಾಗಿ ಝಾಡಿಸಿದ್ದೀರಿ. 2022ರ ಮೇ 24ರಂದು ಉವಾಲ್ಡೆಯ ರಾಬ್ ಎಲಿಮೆಂಟರಿ ಶಾಲೆಯಲ್ಲಿ ಹುಡುಗನೊಬ್ಬ ಹಾರಿಸಿದ ಗುಂಡಿಗೆ 19 ಮಕ್ಕಳು, ಇಬ್ಬರು ಟೀಚರ್‌ಗಳು ಸತ್ತರು. ಮಾರನೇ ದಿನ ಅವರು ಪತ್ರಿಕಾಗೋಷ್ಠಿ ಮಾಡಿ ಮಾನಸಿಕ ಆರೋಗ್ಯದ ಮಾತೆತ್ತಿದರು. ಇನ್ನೊಬ್ಬರ ಮೇಲೆ ಗುಂಡು ಹಾರಿಸುವ ಯಾರಿಗೇ ಆಗಲಿ ಮಾನಸಿಕ ಸಮಸ್ಯೆ ಇದ್ದೇ ಇರುತ್ತದೆ ಅಂದರು. ಅದೇ ಗೋಷ್ಠಿಯಲ್ಲಿ, ಆ ಹುಡುಗನಿಗೆ ಮಾನಸಿಕ ಕಾಯಿಲೆಯ ಹಿನ್ನೆಲೆ ಇದ್ದದ್ದು ಗೊತ್ತಿಲ್ಲ ಅಂತಲೂ ಅಂದರು! ಮೊದಲ ಪುಟದಲ್ಲಿ ಇವರನ್ನು ಬೈದು, ಐದನೇ ಪುಟದಲ್ಲಿ ನೀವೇ ಅವರ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದೀರಿ. ಗಮನಿಸಿದಿರಾ?

ಉವಾಲ್ಡೆಗೆ ಹತ್ತು ದಿನ ಮೊದಲು ಬಫಲೋ ಊರಿನ ಸೂಪರ್‌ಮಾರ್ಕೆಟ್‌ನಲ್ಲಿ ಹತ್ತು ಜನ ಕಪ್ಪು ವರ್ಣೀಯರನ್ನು ಒಬ್ಬ ಕೊಂದ. ಕಪ್ಪು ಜನ ಎಲ್ಲಿ ಜಾಸ್ತಿ ಇದ್ದಾರೆ ಅಂತ ಮೊದಲೇ ಹುಡುಕಿ, ಲೆಕ್ಕ ಹಾಕಿ, ಗಂಟೆಗಟ್ಟಲೆ ಕಾರು ಓಡಿಸಿಕೊಂಡು ಬಂದಿದ್ದ. ಅದು ಜನಾಂಗ ದ್ವೇಷ. 2012ರಲ್ಲಿ ವಿಸ್ಕಾನ್ಸಿನ್‌ನ ಓಕ್ ಕ್ರೀಕ್ ಗುರುದ್ವಾರಕ್ಕೆ ನುಗ್ಗಿದವನದ್ದೂ ಅದೇ. ನಿಮ್ಮ 14 ದಾಳಿಗಳ ಪಟ್ಟಿಯಲ್ಲಿ ಈ ಎರಡೂ ಇವೆ, ಎರಡಕ್ಕೂ ಮನೋರೋಗದ ಚೀಟಿ ಅಂಟಿಸಿದ್ದೀರಿ. ಡ್ಯೂಕ್ ವಿಶ್ವವಿದ್ಯಾಲಯದ ಜೆಫ್ರಿ ಸ್ವಾನ್ಸನ್ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಅಮೆರಿಕದಲ್ಲಿ ಗಂಭೀರ ಮಾನಸಿಕ ಕಾಯಿಲೆಗಳನ್ನೆಲ್ಲ ಪೂರ್ತಿ ವಾಸಿ ಮಾಡಿದರೂ ಒಟ್ಟು ಹಿಂಸೆ ಕಡಿಮೆಯಾಗುವುದು ಶೇ. 4ರಷ್ಟು ಮಾತ್ರ ಅನ್ನುವುದು ಅವರ ಲೆಕ್ಕ. ಉಳಿದ 96ಕ್ಕೆ ನಿಮ್ಮ ಲೇಖನದಲ್ಲಿ ಜಾಗವೇ ಇಲ್ಲ.

ಇನ್ನು ಮೂರನೇ ಸಾಲು. "ಗುರುತಿಸಿ ದೂರವಿಡುವ ಕೆಲಸ." ಇದನ್ನು ಓದಿ ನಾನು ಎದ್ದು ಹೋಗಿ ಟೀ ಕುಡಿದು ಬಂದೆ. ಅಮೆರಿಕದ ವಯಸ್ಕರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರಿಗೆ ಯಾವುದೇ ವರ್ಷ ತೆಗೆದುಕೊಂಡರೂ ಏನಾದರೊಂದು ಮಾನಸಿಕ ಸಮಸ್ಯೆ ಇರುತ್ತದೆ. ಎಲ್ಲಿಗೆ ಕಳಿಸುತ್ತೀರಿ ಇವರನ್ನೆಲ್ಲ?

ನಾನು ಕೆಲಸ ಕಲಿತದ್ದು ಹುಬ್ಬಳ್ಳಿಯ ಒಂದು ಪತ್ರಿಕೆಯಲ್ಲಿ. ಟೆಲಿಪ್ರಿಂಟರ್ ಕಾಲ. ರಾತ್ರಿ ಪಾಳಿ, ಮೂಲೆಯಲ್ಲೊಂದು ಕಾಲು ಮುರಿದ ಮೇಜು ನನ್ನದು. ಒಮ್ಮೆ ಯಾವುದೋ ತಾಲೂಕಿನಿಂದ ಕೊಲೆ ಸುದ್ದಿ ಬಂತು. ಆರೋಪಿ ಮಾನಸಿಕ ಅಸ್ವಸ್ಥ ಅಂತ ಪೊಲೀಸರು ಫೋನಿನಲ್ಲಿ ಹೇಳಿದ್ದರು, ವರದಿಗಾರರು ಬರೆದಿದ್ದರು, ಅದೇ ತಲೆಬರಹವಾಗಿ ದಪ್ಪ ಅಕ್ಷರದಲ್ಲಿ ಅಚ್ಚಾಯಿತು. ಆ ವಾರ ಒಬ್ಬ ಹಿರಿಯರು ಪತ್ರಿಕೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಆಫೀಸಿಗೆ ಬಂದರು. ಜಗಳಕ್ಕೆ ಬಂದವರಲ್ಲ. ಚಪ್ಪಲಿ ಹೊರಗೆ ಬಿಟ್ಟು, ಚೀಫ್ ಸಬ್ (ಮುಖ್ಯ ಉಪಸಂಪಾದಕರು) ಎದುರು ನಿಂತೇ ಮಾತಾಡಿದರು. "ನನ್ನ ಮಗಾ ಧಾರವಾಡ ದವಾಖಾನಿ ಗುಳಿಗಿ ತಗೋತಾನ್ರೀ. ಯಾರ ತಂಟಿಗೂ ಹೋದಾಂವ ಅಲ್ಲ. ಮನಿ ಮಾಲಕರು ಈ ಪೇಪರ್ ತೋರ್ಸಿ ಮನಿ ಖಾಲಿ ಮಾಡ್ರಿ ಅಂದ್ರು." ಆ ಕೊಲೆಗೂ ಅವರ ಮಗನಿಗೂ ಯಾವ ಸಂಬಂಧವೂ ಇರಲಿಲ್ಲ. ಊರು ಕೂಡ ಬೇರೆ.

ಅಂದಿನಿಂದ ನಮ್ಮ ಚೀಫ್ ಸಬ್ ಇಂಥ ಸುದ್ದಿ ಬಂದಾಗಲೆಲ್ಲ ಬೀಡಿ ಕೆಳಗಿಟ್ಟು ಕೇಳುತ್ತಿದ್ದರು: "ಯಾವ ಡಾಕ್ಟರ್ ಹೇಳ್ಯಾನ?" ಡಾಕ್ಟರ್ ಹೇಳಿದ್ದಾರೆ, ಕೋರ್ಟಿನ ಕಾಗದ ಇದೆ ಅಂದರೆ ಉಳಿಯುತ್ತಿತ್ತು. ಇಲ್ಲವಾದರೆ ಕೆಂಪು ಇಂಕು. ಹಾಗಂತ ಅವರೇನು ದೇವರಲ್ಲ. ಅವರ ಕೈಗೆ ಸಿಕ್ಕ ಬರಹದಲ್ಲಿ ಬಣ್ಣವೇ ಉಳಿಯುತ್ತಿರಲಿಲ್ಲ. ಮಳೆ "ಧೋ" ಅಂತ ಸುರಿಯಿತು ಅಂದರೂ ಹೊಡೆದುಹಾಕುತ್ತಿದ್ದರು. ಅದು ನನಗೆ ಈಗಲೂ ಒಪ್ಪಿಗೆಯಿಲ್ಲ. ಆದರೆ ಡಾಕ್ಟರ್ ಪ್ರಶ್ನೆ ಮಾತ್ರ ನನ್ನ ಜೊತೆಗೇ ಬಂದಿದೆ. ನಿಮ್ಮ ಐದನೇ ಪುಟವನ್ನು ಇಂಥ ಗುಳಿಗೆ ತಗೊಳ್ಳುವವರೂ ಓದುತ್ತಾರೆ ಮೇಡಂ. ಅವರ ಮನೆ ಮಾಲೀಕರೂ ಓದುತ್ತಾರೆ.

ಕಾಯಿಲೆಯ ಮಾತೇ ಎತ್ತಬಾರದು ಅಂತಲ್ಲ. ಕಾಯಿಲೆ ನಿಜವಾಗಿ ಇದ್ದ ಕಡೆ ಅದನ್ನು ಸರಿಯಾಗಿ ಬರೆಯಿರಿ. 2023ರ ಅಕ್ಟೋಬರ್ 25ರಂದು ಮೈನ್ ರಾಜ್ಯದ ಲೂಯಿಸ್ಟನ್‌ನಲ್ಲಿ ಬೌಲಿಂಗ್ ಆಡುವ ಜಾಗ ಮತ್ತು ಬಾರ್ ಸೇರಿ 18 ಜನ ಸತ್ತರು. ನೀವು ಇದಕ್ಕೆ ಅರ್ಧ ಸಾಲು ಕೊಟ್ಟಿದ್ದೀರಿ. ಅಲ್ಲಿ ನಡೆದದ್ದೇನು? ಕೊಂದವನು ಸೇನೆಯ ಮೀಸಲು ಪಡೆಯವನು. ಮೇ ತಿಂಗಳಲ್ಲೇ ಅವನ ಮಗ ಮತ್ತು ಮಾಜಿ ಹೆಂಡತಿ ಪೊಲೀಸರಿಗೆ ಹೇಳಿದ್ದರು. ಜನ ತನ್ನ ಬಗ್ಗೆ ಏನೇನೋ ಮಾತಾಡುವುದು ಅವನಿಗೆ ಕೇಳಿಸುತ್ತಂತೆ, ಸಹೋದರನ ಮನೆಯಲ್ಲಿದ್ದ ಬಂದೂಕುಗಳನ್ನೂ ಎತ್ತಿಕೊಂಡು ಹೋಗಿದ್ದಾನೆ ಅಂತ. ಜುಲೈನಲ್ಲಿ ಸೇನೆಯವರೇ ಆಸ್ಪತ್ರೆಗೆ ಸೇರಿಸಿದರು. ಎರಡು ವಾರ ಇದ್ದು ಮನೆಗೆ ಬಂದ. ಸೆಪ್ಟೆಂಬರ್‌ನಲ್ಲಿ ಜೊತೆಯ ಸೈನಿಕನೊಬ್ಬ, ಇವನು ಸಾಮೂಹಿಕ ಗುಂಡಿನ ದಾಳಿ ಮಾಡಿಬಿಡುತ್ತಾನೆ ಅಂತ ನನಗೆ ಅನ್ನಿಸುತ್ತಿದೆ ಅಂತ ಮೇಲಿನವರಿಗೆ ಮೆಸೇಜ್ ಕಳಿಸಿದ. ಪೊಲೀಸ್ ಅಧಿಕಾರಿ ಮನೆಗೆ ಹೋಗಿ ಬಾಗಿಲು ಬಡಿದರು. ಒಳಗೆ ಯಾರೋ ಓಡಾಡಿದ ಸದ್ದು ಕೇಳಿಸಿತು, ಬಾಗಿಲು ತೆರೆಯಲಿಲ್ಲ. ವಾಪಸ್ ಬಂದರು.

ಅಪಾಯಕಾರಿ ಸ್ಥಿತಿಯಲ್ಲಿ ಇರುವವರಿಂದ ಬಂದೂಕು ತೆಗೆದುಕೊಳ್ಳುವ ಕಾನೂನು ಆ ರಾಜ್ಯದಲ್ಲಿ ಇತ್ತು. ಅದನ್ನು ಬಳಸುವುದಕ್ಕೆ ಬೇಕಾದ ಆಧಾರವೂ ಪೊಲೀಸರ ಬಳಿ ಇತ್ತು ಅಂತ ಆಮೇಲೆ ತನಿಖಾ ಆಯೋಗವೇ ಹೇಳಿತು. ನೀವು ಹೇಳುವ "ಗುರುತಿಸುವ ಕೆಲಸ" ಅಲ್ಲಿ ಆಗಿತ್ತಲ್ವಾ? ಮಗ ಗುರುತಿಸಿದ, ಜೊತೆಗಾರ ಗುರುತಿಸಿದ, ಆಸ್ಪತ್ರೆ ಗುರುತಿಸಿತು. ಆಗದೇ ಉಳಿದದ್ದು ಒಂದೇ, ಬಂದೂಕು ಅವನ ಮನೆಯಿಂದ ಹೊರಗೆ ಬರಲಿಲ್ಲ. ನೀವು ಅದನ್ನೇ "ಬರೀ ನೆಪ" ಅಂತೀರಿ.

ಆ ನಾಲ್ಕನೇ ಸಾಲಿಗೆ ಇನ್ನೊಂದು ಮಾತು. ಅಮೆರಿಕದಲ್ಲಿ ಬಂದೂಕಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆ. 2021ರಲ್ಲಿ ಒಟ್ಟು 48 ಸಾವಿರಕ್ಕೂ ಹೆಚ್ಚು ಸಾವು, ಅದರಲ್ಲಿ 26 ಸಾವಿರಕ್ಕೂ ಹೆಚ್ಚು ಆತ್ಮಹತ್ಯೆ. ಬಂದೂಕು ಮತ್ತು ಮನಸ್ಸಿನ ಕಾಯಿಲೆ ಒಂದೇ ಮನೆಯಲ್ಲಿ ಸೇರಿದಾಗ ಹೆಚ್ಚು ಸಲ ಸಾಯುವುದು ಆ ರೋಗಿಯೇ. ಟಿವಿಯವರು ಅಲ್ಲಿಗೆ ವ್ಯಾನು ತಗೊಂಡು ಹೋಗುವುದಿಲ್ಲ. ನಿಮ್ಮ ಹತ್ತು ಪುಟಗಳೂ ಅಲ್ಲಿಗೆ ಹೋಗಿಲ್ಲ.

ಎಂಟನೇ ಪುಟದ ಒಂದು ವಾಕ್ಯವನ್ನೂ ಬಿಡಲಾರೆ. "ಕೋವಿ ಮುಟ್ಟದ ಸಂಸ್ಕೃತಿ ನಮ್ಮದು, ಆದ್ದರಿಂದಲೇ ನಮ್ಮ ಮಕ್ಕಳು ಸುರಕ್ಷಿತ." ಕೊಡಗಿನ ಕಡೆ ಹೋಗಿಯೇ ಇಲ್ವಾ ನೀವು? ಕೈಲ್ ಮುಹೂರ್ತದ ದಿನ ಅಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಗಂಡು ಮಗು ಹುಟ್ಟಿದರೆ ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ ಅವರದು. ಕೊಡವರಿಗೂ ಜಮ್ಮಾ ಭೂಮಿ (ವಂಶಪಾರಂಪರ್ಯವಾಗಿ ಬಂದ ಜಮೀನು) ಇರುವವರಿಗೂ ಬ್ರಿಟಿಷರ ಕಾಲದಿಂದ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಮಲೆನಾಡಿನಲ್ಲಿ ಹಂದಿ, ಮಂಗಗಳ ಕಾಟಕ್ಕೆ ಕೋವಿ ಇಟ್ಟುಕೊಂಡ ರೈತರನ್ನು ಕೇಳಿ. ಲೈಸೆನ್ಸ್ ನವೀಕರಣಕ್ಕೆ ಡಿಸಿ ಆಫೀಸು ಅಲೆಯಬೇಕು, ಪೊಲೀಸ್ ವಿಚಾರಣೆ ಆಗಬೇಕು. ಚುನಾವಣೆ ಬಂತು ಅಂದರೆ ಕೋವಿ ಹೊತ್ತುಕೊಂಡು ಸ್ಟೇಷನ್ನಿಗೆ ಹೋಗಿ, ಜಮಾ ಮಾಡಿ, ರಸೀದಿ ತಗೊಂಡು ಬರಬೇಕು. ಬೈಯುತ್ತಾ ಹೋಗುತ್ತಾರೆ, ಆದರೂ ಹೋಗುತ್ತಾರೆ. ಉವಾಲ್ಡೆಯ ಹುಡುಗ 18 ತುಂಬಿದ ಕೆಲವೇ ದಿನಗಳಲ್ಲಿ ಎರಡು ರೈಫಲ್‌ಗಳನ್ನು ಅಂಗಡಿಯಿಂದ ಕಾನೂನು ಪ್ರಕಾರವೇ ಕೊಂಡ. ಈ ವ್ಯತ್ಯಾಸ 1959ರ ಶಸ್ತ್ರಾಸ್ತ್ರ ಕಾಯ್ದೆಯದ್ದು. ಅದರಲ್ಲಿ ಸಂಸ್ಕೃತಿಯನ್ನು ಎಲ್ಲಿಂದ ತಂದಿರಿ? ಇಲ್ಲಿ ಕೂತು ಕಾಫಿ ಕುಡಿಯುತ್ತಾ ಮೀಸೆ ತಿರುವುವ ನಮ್ಮಂಥವರು ಇದನ್ನು ಓದಿ ಖುಷಿಪಡುತ್ತಾರೆ ಅನ್ನುವುದು ನಿಜ. ಆ ಖುಷಿ ಕೊಡುವುದಕ್ಕೆ ಸಾಕಷ್ಟು ಜನ ಇದ್ದಾರೆ, ನೀವೂ ಯಾಕೆ?

ಉಳಿದ ಪುಟಗಳ ಬಗ್ಗೆ ಬರೆಯುವುದಿಲ್ಲ. ಒಳ್ಳೆಯದೂ ಇರಬಹುದು, ಐದನೇ ಪುಟದ ಸಿಟ್ಟಿನಲ್ಲಿ ನನಗೆ ಕಾಣಿಸಲಿಲ್ಲ.

ಈಗ ಮಾಡಬೇಕಾದದ್ದು. 14 ದಾಳಿಗಳ ಪಟ್ಟಿ ಬೇಡ, ಒಂದನ್ನು ಇಟ್ಟುಕೊಳ್ಳಿ. ನಾನಾಗಿದ್ದರೆ ಲೂಯಿಸ್ಟನ್ ಇಟ್ಟುಕೊಳ್ಳುತ್ತಿದ್ದೆ. ಉವಾಲ್ಡೆ ನಿಮ್ಮ ರಾಜ್ಯದ್ದು, ಅದು ಬೇಕು ಅಂದರೆ ಸರಿ. ಆದರೆ ಆಗ ಶಾಲೆಗೆ ಬಂದ 376 ಪೊಲೀಸರು ಮತ್ತು ಅವರು ಕಾದು ನಿಂತ 77 ನಿಮಿಷಗಳ ಬಗ್ಗೆ ಬರೆಯಲೇಬೇಕಾಗುತ್ತದೆ. ಮಗಳ ಶಾಲೆಯಲ್ಲಿ ಡ್ರಿಲ್ ಬಗ್ಗೆ ತಂದೆತಾಯಿಗೆ ಏನು ಬರೆದು ಕಳಿಸುತ್ತಾರೆ ಅಂತ ನೋಡಿ, ಅದನ್ನೂ ಸೇರಿಸಿ. ಮಗುವಿನ ಹೆಸರಾಗಲಿ ಶಾಲೆಯ ಹೆಸರಾಗಲಿ ಬೇಡ. ಆರು ಪುಟ ದಾಟಬಾರದು. ದೀಪಾವಳಿ ಸಂಚಿಕೆ ತುಂಬಿಹೋಗಿದೆ, ಅದರ ನಂತರದ ಸಂಚಿಕೆಗೆ ನೋಡೋಣ. ಮತ್ತೆ, ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಪಿಡಿಎಫ್ ಕಳಿಸಬೇಡಿ ದಯವಿಟ್ಟು. ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ ನಮ್ಮ ಹುಡುಗ ಅರ್ಧ ದಿನ ಅದರಲ್ಲೇ ಕಳೆದ. ಯುನಿಕೋಡ್‌ನಲ್ಲಿ ಕಳಿಸಿ.

ಇಂತಿ,
ಸಂಪಾದಕ